ಪಾಚಿಗೆ ಹೆಸರಿಟ್ಟವಳು

ಮಾರ್ಚ್ ೧೨, ಮಂಗಳವಾರ

ಬಡ್ತಿ ಅವನಿಗೇ ಆಯಿತು, ಪಕ್ಕದ ಲ್ಯಾಬಿನಲ್ಲಿ ಔಷಧ ಹುಡುಕುವವನಿಗೆ. ಆಯ್ಕೆ ಸಮಿತಿಯ ಅಧ್ಯಕ್ಷರು ನಮ್ಮಿಬ್ಬರ ಉಲ್ಲೇಖಗಳನ್ನೂ, ಅಂದರೆ ನಮ್ಮ ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಹೆಸರಿಸಿದ್ದಾರೆಂಬ ಲೆಕ್ಕವನ್ನು, ಒಂದೇ ಪರದೆಯ ಮೇಲೆ ಹಾಕಿಸಿದ್ದರು. ಅವನ ಗೆರೆ ಪರದೆಯ ನೆತ್ತಿ ಮುಟ್ಟಿತ್ತು. ನನ್ನದು ನೆಲ ಬಿಟ್ಟು ಮೇಲೆದ್ದಿರಲಿಲ್ಲ.

"ಇಷ್ಟು ವರ್ಷ ಏನ್ಮಾಡಿದ್ರಿ ಮೇಡಂ?"

ಪಾಚಿಗಳಿಗೆ ಹೆಸರಿಟ್ಟೆ. ನಮ್ಮ ಶಾಸ್ತ್ರದಲ್ಲಿ ಪಾಚಿಯ ಹೆಸರಿನ ಬಾಲಕ್ಕೆ ಅದನ್ನಿಟ್ಟವರ ಹೆಸರು ಸೇರಿಸಿದರೆ ಮುಗಿಯಿತು. ಅವರ ಪ್ರಬಂಧವನ್ನು ಕೊನೆಯ ಉಲ್ಲೇಖಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಯಂತ್ರ ಎಣಿಸುವುದು ಆ ಪಟ್ಟಿಯನ್ನು ಮಾತ್ರ. ಅವನ ಔಷಧ ಬಂದದ್ದೇ ನಾನು ಹೆಸರಿಟ್ಟ ಪಾಚಿಯಿಂದ. ಅವನ ಪ್ರಬಂಧದ ತಲೆಬರಹದಲ್ಲೇ ನನ್ನ ಹೆಸರಿದೆ. ಲೆಕ್ಕದಲ್ಲಿ ಸೊನ್ನೆ.

ಇದನ್ನೆಲ್ಲ ಹೇಳಿದೆ. "ಎಲ್ಲರಿಗೂ ಒಂದೇ ಅಳತೆ ಮೇಡಂ, ಇಲ್ದಿದ್ರೆ ಅನ್ಯಾಯ ಆಗುತ್ತೆ" ಎಂದರು ಅಧ್ಯಕ್ಷರು.

ಹೊಟ್ಟೆ ಉರಿಯುತ್ತಿದೆ. ಅವನ ಮೇಲಲ್ಲ ಎಂದು ಬರೆಯಹೊರಟೆ. ಸುಳ್ಳು, ಅವನ ಮೇಲೂ.

ಮೆಟ್ಟಿಲ ಬಳಿ ಅವನೇ ನಿಲ್ಲಿಸಿದ. "ಅಕ್ಕಾ, ತಪ್ಪು ತಿಳ್ಕೋಬೇಡಿ. ಆ ಪಾಚಿ ಮುಗೀತಾ ಬಂತು. ಎಲ್ಲಿ ಸಿಗುತ್ತೆ?"

ಹೇಳಿದೆ. ಜಲಪಾತದ ಹಿಂದೆ, ಬಂಡೆಯ ಬಿಸಿಲು ಬೀಳದ ಮಗ್ಗುಲಲ್ಲಿ. ಚಾಕುವಿನಿಂದ ಕೆರೆಯಬೇಡ, ಬೆರಳಲ್ಲಿ ಸ್ವಲ್ಪವೇ ಬಿಡಿಸು, ಕೆರೆದರೆ ಮತ್ತೆ ಬೆಳೆಯುವುದಿಲ್ಲ ಎಂದೂ ಹೇಳಿದೆ.

ಹೂಂ ಹೂಂ ಎಂದ. ಬರೆದುಕೊಳ್ಳಲಿಲ್ಲ. ಚಾಕು ತೆಗೆದುಕೊಂಡೇ ಹೋಗುತ್ತಾನೆ.