ಕ್ಯೋಟೋಗೆ ಕುಕ್ಕರ್

ಡ್ರೆಸ್ಡೆನ್, ಗುರುವಾರ, ೧೨ ಮಾರ್ಚ್

ಮೈಯೆಲ್ಲ ಇನ್ನೂ ಉರಿಯುತ್ತಿದೆ. ಜಪಾನಿನ ಊಟ ಉಣ್ಣಬೇಕೆಂದು ಆಫೀಸಿನಲ್ಲಿ ಜಗಳಾಡಿ ಎರಡು ವಾರ ರಜೆ ಪಡೆದವಳು ನಾನು. ಗಂಡನೆಂಬ ಮಹಾರಾಯ ಮೊನ್ನೆ ನನ್ನನ್ನು ಒಂದು ಮಾತೂ ಕೇಳದೆ ಕ್ಯೋಟೋದ ವಸತಿಗೃಹಕ್ಕೆ ಬರೆದಿದ್ದ: ನಮಗೆ ನಿಮ್ಮ ಊಟ ಬೇಡ, ನನ್ನ ಹೆಂಡತಿಗೆ ಅಡುಗೆಮನೆ ಬಿಟ್ಟುಕೊಡಿ.

"ಅವ್ವ ಮೀನಿನ ವಾಸನಿ ಸೈತ ತಡಕೊಳ್ಳಂಗಿಲ್ಲ. ಕುಕ್ಕರ್ ಒಂದ್ ಇಟ್ಕೊ, ಮುಗೀತ," ಎಂದ.

ಮುಗೀತಂತೆ! ನಾನು ಹೋಗುತ್ತಿರುವುದು ಉಣ್ಣಲಿಕ್ಕೋ, ಜೊತೆಗೆ ಬರುವ ಅತ್ತೆಗೆ ಅನ್ನ ಬೇಯಿಸಲಿಕ್ಕೋ?

ಇವತ್ತು ಅಲ್ಲಿಂದ ಉತ್ತರ ಬಂತು. ಮುಖ ಗಂಟು ಹಾಕಿಕೊಂಡು ಫೋನನ್ನು ನನ್ನತ್ತ ನೂಕಿದ. "ಕ್ಷಮಿಸಿ, ಅತಿಥಿಗಳಿಂದ ನಾವು ಅಡುಗೆ ಮಾಡಿಸುವುದಿಲ್ಲ. ಮೀನು ಸೋಕದ ಊಟ ನಾವೇ ಮಾಡುತ್ತೇವೆ. ನಿಮ್ಮ ಪತ್ನಿ ಕುಳಿತು ಉಣ್ಣಲಿ."

ಮದುವೆಯಾಗಿ ಹದಿನಾರು ವರ್ಷ. ಕುಳಿತು ಉಣ್ಣು ಎಂದು ಹೇಳಲು, ನಾನು ಮುಖವನ್ನೇ ನೋಡದವರು ಬೇಕಾಯಿತು.