ಹಠಾತ್ ಬ್ರೇಕನ್ನು ನಿಷೇಧಿಸಿದವರಿಗೆ

ಮಾನ್ಯ ವಾಹನ ಪರವಾನಗಿ ಅಧಿಕಾರಿಗಳೇ,

ಊರಾಚೆಯ ಹಳೆಯ ರೇಸ್ ಟ್ರ್ಯಾಕಿನ ಗೇಟಿಗೆ ನೀವು ಹಾಕಿಸಿದ ಬೀಗವನ್ನು ತೆಗೆಸಿ ಎಂದು ಕೇಳಲು ಈ ಪತ್ರ. ಸುತ್ತಿ ಬಳಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಬೀಗದ ಪಕ್ಕದಲ್ಲಿ ಅಂಟಿಸಿರುವ ನಿಮ್ಮ ಆದೇಶವನ್ನು ಮೂರು ಸಲ ಓದಿದೆ: ‘ಈ ಆವರಣದಲ್ಲಿ ರಭಸದ ಚಾಲನೆ, ಹಠಾತ್ ಬ್ರೇಕ್ ಹಾಗೂ ಅನುಭವವಿಲ್ಲದ ಚಾಲಕರ ಪ್ರವೇಶವನ್ನು ನಿಷೇಧಿಸಲಾಗಿದೆ.’ ಬಹಳ ಸಂತೋಷ. ಇನ್ನು ಮುಂದೆ ಅನುಭವವಿಲ್ಲದವರು ಹಠಾತ್ತಾಗಿ ಬ್ರೇಕ್ ಹಾಕುವುದಿದ್ದರೆ ಶಾಲೆಯ ಎದುರು, ಬಸ್ ನಿಲ್ದಾಣದ ಪಕ್ಕ, ಆಸ್ಪತ್ರೆಯ ತಿರುವಿನಲ್ಲಿ ಹಾಕಿಕೊಳ್ಳಬಹುದು. ಅಲ್ಲೆಲ್ಲ ನಿಮ್ಮ ನಿಷೇಧವಿಲ್ಲ.

ಆ ಟ್ರ್ಯಾಕಿನಲ್ಲಿ ತಿಂಗಳಿಗೊಂದು ಭಾನುವಾರ ನಾವು ‘ಹೊಸಬರ ದಿನ’ ನಡೆಸುತ್ತಿದ್ದೆವು. ನಾನು ಇಪ್ಪತ್ತೆರಡು ವರ್ಷಗಳಿಂದ ಡ್ರೈವಿಂಗ್ ಸ್ಕೂಲ್ ನಡೆಸುವವನು. ನನ್ನ ಜೊತೆಗೆ ಹಿಂದೆ ರೇಸಿನಲ್ಲಿ ಓಡಿಸುತ್ತಿದ್ದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ‘ನಿಧಾನ ಮಾಮ’ ಎನ್ನುತ್ತಾರೆ, ಏಕೆಂದರೆ ದಿನಕ್ಕೆ ನೂರು ಸಲ ಅವರ ಬಾಯಿಂದ ಬರುವ ಮಾತು ಅದೊಂದೇ. ಅಲ್ಲಿಗೆ ಬರುವವರು ಮನೆಯ ಕಾರನ್ನೇ ತರುತ್ತಾರೆ. ಮೊದಲ ಸುತ್ತು ಕಾರಿನಲ್ಲಲ್ಲ, ನಡಿಗೆಯಲ್ಲಿ. ಯಾವ ತಿರುವು ಎಲ್ಲಿ ಮೋಸ ಮಾಡುತ್ತದೆ ಎಂಬುದನ್ನು ಕಾಲಿನಿಂದಲೇ ನೋಡಿಕೊಳ್ಳಬೇಕು. ಸ್ಟಾಪ್‌ವಾಚ್ ತಂದವರನ್ನು ಮಾಮ ಗೇಟಿನಲ್ಲೇ ವಾಪಸು ಕಳಿಸುತ್ತಿದ್ದರು. ಮುಂದಿನವರು ಕೈ ತೋರಿಸದೆ ಹಿಂದಿನವರು ದಾಟುವಂತಿಲ್ಲ. ಕಾರಿನ ಹುಚ್ಚು ಹಿಡಿದ ಒಬ್ಬ ಬ್ಯಾಂಕ್ ಗುಮಾಸ್ತರು, ಕಾರಿಗೆ ರೆಕ್ಕೆ ಪುಕ್ಕ ಎಲ್ಲ ಕಟ್ಟಿಸಿಕೊಂಡು ಗುಡುಗಿನಂತೆ ಸದ್ದು ಮಾಡುತ್ತಾ ಬಂದವರು, ಎರಡನೇ ಸುತ್ತಿಗೇ ಇಳಿದು ಬೇಲಿಯ ಪಕ್ಕ ವಾಂತಿ ಮಾಡಿಕೊಂಡರು. ಆಮೇಲೆ ಅವರು ಪೇಟೆಯಲ್ಲಿ ಎಷ್ಟು ಸಭ್ಯವಾಗಿ ಓಡಿಸುತ್ತಿದ್ದಾರೆ ಎಂದು ಅವರ ಹೆಂಡತಿಯನ್ನು ಕೇಳಿ ನೋಡಿ.

ಇದನ್ನು ನೀವು ‘ರೇಸಿಂಗ್ ಚಟಕ್ಕೆ ಪ್ರೋತ್ಸಾಹ’ ಎಂದು ಬರೆದಿದ್ದೀರಿ. ನಿಜವಾದ ರೇಸಿಗೆ ಮಾತ್ರ ವರ್ಷಕ್ಕೆರಡು ಸಲ ಅದೇ ಗೇಟು ತೆರೆಯುತ್ತದೆ, ಅದೂ ನಿಮ್ಮದೇ ಸಹಿಯಿಂದ. ಈ ವಿಚಿತ್ರವನ್ನು ಬಿಡಿಸಿ ಹೇಳಿ ಎಂದು ನಿಮ್ಮ ಕಚೇರಿಗೆ ನಾಲ್ಕು ಬಾರಿ ಬಂದೆ. ಒಮ್ಮೆಯೂ ನಿಮ್ಮ ದರ್ಶನವಾಗಲಿಲ್ಲ. ಕಿಟಕಿಯ ಹಿಂದೆ ಕುಳಿತಿದ್ದ ಗುಮಾಸ್ತರು ಕಡತ ತಿರುವಿ, “ನಮೂನೆಯಲ್ಲಿ ಸ್ಪರ್ಧೆ ಅಂತ ಇದೆ, ಡ್ರೈವಿಂಗ್ ಸ್ಕೂಲ್ ಅಂತ ಇದೆ. ನಿಮ್ಮದು ಎರಡೂ ಅಲ್ಲವಲ್ಲ ಸ್ವಾಮಿ” ಎಂದರು. ಕಲಿಕೆ ಎಂದು ಬರೆದುಕೊಳ್ಳಿ ಎಂದೆ. “ಲೈಸೆನ್ಸ್ ಇರೋರಿಗೆ ಮತ್ತೆ ಏನ್ರೀ ಕಲಿಸೋದು? ನಾವೇ ಕೊಟ್ಟಿದ್ದೀವಲ್ಲ!” ಎಂದು ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ ಪ್ರಶ್ನೆಗೆ ನನ್ನ ಮನೆಯಲ್ಲಿ ಉತ್ತರವಿದೆ, ಅದನ್ನು ಕಿಟಕಿಯ ತೂತಿನಲ್ಲಿ ಹೇಳಲು ನಾಲಿಗೆ ಬರಲಿಲ್ಲ. ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ.

ನನ್ನ ತಂಗಿಗೆ ಕಾರು ಕಲಿಸಿದವನು ನಾನೇ. ಇಪ್ಪತ್ತು ದಿನ, ದಿನಕ್ಕೆ ಅರ್ಧ ಗಂಟೆ. ಪರೀಕ್ಷೆಯ ದಿನ ನಿಮ್ಮ ಮೈದಾನದಲ್ಲಿ ಎಂಟರ ಆಕಾರ ಸುತ್ತಿದಳು, ಕಂಬ ತಾಗಿಸದೆ ಹಿಂದಕ್ಕೆ ತೆಗೆದಳು, ದಿಬ್ಬದಲ್ಲಿ ನಿಲ್ಲಿಸಿ ಹೊರಟಳು. ಒಟ್ಟು ನಾಲ್ಕು ನಿಮಿಷ. ನಿಮ್ಮ ನಿರೀಕ್ಷಕರು “ಭೇಷ್” ಎಂದರು. ಅವಳ ಚಾಲನೆ ಬಹಳ ಮೃದು. ಅಮ್ಮ ಅಂತೂ, “ನಿನ್ನ ಪಕ್ಕ ಕೂತರೆ ಜೀವ ಕೈಯಲ್ಲಿ ಹಿಡ್ಕೊಂಡಿರಬೇಕು ಕಣೋ. ಅವಳ ಪಕ್ಕ ಕೂತರೆ ನಿದ್ದೆ ಬರುತ್ತೆ” ಎಂದು ನನ್ನನ್ನೇ ಆಡಿಕೊಳ್ಳುತ್ತಿದ್ದಳು. ಎರಡು ವರ್ಷ ಹಾಗೆ ಮೃದುವಾಗಿ ಓಡಿಸಿದ ತಂಗಿಗೆ ಒಂದು ಸಲವೂ ಬ್ರೇಕನ್ನು ಪೂರ್ತಿ ಒತ್ತುವ ಪ್ರಮೇಯ ಬರಲಿಲ್ಲ. ಒಂದು ಮಳೆಯ ಬೆಳಿಗ್ಗೆ ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೊರಟಾಗ, ತಿರುವಿನಾಚೆ ಇಟ್ಟಿಗೆ ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ಅಮ್ಮ ಅಲ್ಲೇ ಹೋದಳು. ತಂಗಿ ಏಳು ವಾರ ಆಸ್ಪತ್ರೆಯಲ್ಲಿದ್ದಳು.

ಕಣ್ಣು ಬಿಟ್ಟಾಗ ಅವಳು ಹೇಳಿದ್ದು ಇಷ್ಟು: “ಅಣ್ಣಾ, ಬ್ರೇಕ್ ಕೈಕೊಡ್ತು. ಜೋರಾಗಿ ಒತ್ತಿದೆ. ಪೆಡಲ್ ಗಡಗಡ ಅಂತ ನಡುಗಿ ಏನೋ ಮುರಿದ ಹಾಗಾಯ್ತು. ಹೆದರಿ ಕಾಲು ತೆಗೆದೆ.”

ಮಾನ್ಯರೇ, ಈ ಕಸುಬಿನವನಿಗೆ ಅಷ್ಟು ಸಾಕು. ಈಗಿನ ಕಾರುಗಳಲ್ಲಿ ಚಕ್ರ ಜಾರದಂತೆ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುವ ಒಂದು ವ್ಯವಸ್ಥೆ ಇರುತ್ತದೆ. ಅದು ಕೆಲಸ ಮಾಡುವಾಗ ಪೆಡಲ್ ಕಾಲಡಿಯಲ್ಲಿ ನಡುಗುತ್ತದೆ, ಕರಕರ ಸದ್ದು ಬರುತ್ತದೆ. ಕಾರು ನಮ್ಮನ್ನು ಉಳಿಸುತ್ತಿರುವ ಗಳಿಗೆ ಅದು. ತಿಳಿಯದವರಿಗೆ ಕಾರು ಕೆಟ್ಟಿತು ಅನ್ನಿಸುತ್ತದೆ, ಕಾಲು ತಾನಾಗಿ ಮೇಲಕ್ಕೆ ಬರುತ್ತದೆ. ನನ್ನ ತಂಗಿಗೆ ಇದನ್ನು ನಾನು ಹೇಳಿರಲಿಲ್ಲ. ನಿಮ್ಮ ಪರೀಕ್ಷೆಯಲ್ಲಿ ಇಲ್ಲದ್ದನ್ನು ಕಲಿಸಿ ಏಕೆ ಹೊತ್ತು ಕಳೆಯಬೇಕು ಎಂದುಕೊಂಡವರಲ್ಲಿ ನಾನೂ ಒಬ್ಬ. ನಿಮ್ಮ ನಿರೀಕ್ಷಕರು ಕಾರನ್ನು ನೋಡಿ ಕೊಟ್ಟ ವರದಿ ನನ್ನ ಕೈಗೆ ಬಂತು: ‘ಬ್ರೇಕಿನಲ್ಲಿ ದೋಷವಿಲ್ಲ. ಚಾಲಕಿಯ ನಿರ್ಲಕ್ಷ್ಯ.’ ಕಲಿಸದೇ ಇದ್ದದ್ದು ಬಾರದಿದ್ದರೆ ಅದಕ್ಕೆ ನಿರ್ಲಕ್ಷ್ಯ ಎಂಬ ಹೆಸರೇ? ಹಾಗಿದ್ದರೆ ಆ ಸಾಲಿನಲ್ಲಿ ನನ್ನ ಹೆಸರು ಏಕಿಲ್ಲ, ನಿಮ್ಮ ಹೆಸರು ಏಕಿಲ್ಲ? ಆ ಕಾಗದವನ್ನು ನಾನು ಬೀರುವಿನಲ್ಲಿ ಬಚ್ಚಿಟ್ಟೆ. ಬ್ರೇಕ್ ಕೆಟ್ಟಿತ್ತು ಎಂದೇ ತಂಗಿಗೆ ಹೇಳಿದೆ. ನಾಲ್ಕು ವರ್ಷ ಆ ಸುಳ್ಳನ್ನು ಕಾಪಾಡಿಕೊಂಡು ಬಂದೆ.

ಹೊಸಬರ ದಿನವನ್ನು ಶುರು ಮಾಡಿದ್ದು ಆ ಸುಳ್ಳಿನ ಸಂಕಟಕ್ಕೇ. ಮೊದಲ ಪಾಠವೇ ನೀರು ಹಾಯಿಸಿದ ನೇರ ದಾರಿಯಲ್ಲಿ ಬ್ರೇಕನ್ನು ಪೂರ್ತಿ ಒತ್ತುವುದು. ತಂಗಿ ಅಲ್ಲಿಗೆ ಬರುವುದು ನನಗೆ ಬೇಕಿರಲಿಲ್ಲ. ಬೇರೆ ಊರಿಗೆ ಹೋಗುತ್ತೇನೆಂದು ಅವಳಿಗೆ ಹೇಳಿ ನಾನು ಟ್ರ್ಯಾಕಿಗೆ ಬಂದಿದ್ದ ಒಂದು ಭಾನುವಾರವೇ, ಹೆದರಿಕೆ ಬಿಡಿಸಿಕೊಳ್ಳಬೇಕೆಂದು ತಾನಾಗಿ ಬಂದು ಸಾಲಿನಲ್ಲಿ ನಿಂತಿದ್ದಳು. ನಾನು ಓಡಿ ಬರುವಷ್ಟರಲ್ಲಿ ಮಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಾಗಿತ್ತು. ಒದ್ದೆ ದಾರಿಯಲ್ಲಿ ಬ್ರೇಕನ್ನು ಪೂರ್ತಿ ಒತ್ತಿದಳು, ಕಾರು ಒಂದು ಅಡಿಯೂ ಪಕ್ಕಕ್ಕೆ ಸರಿಯದೆ ನಿಂತಿತು. ಅವಳು ಇಳಿದು ನನ್ನ ಕಡೆಗೆ ನಡೆದು ಬಂದಳು.

“ಅವತ್ತೂ ಹೀಗೇ ನಡುಗಿದ್ದು. ಬ್ರೇಕ್ ಸರಿ ಇತ್ತಾ ಅಣ್ಣಾ?”

“ಇತ್ತು” ಎಂದೆ.

“ನಿನಗೆ ಗೊತ್ತಿತ್ತಾ?”

ಹೌದೆಂದು ತಲೆ ಆಡಿಸಿದೆ. ಅವಳು ನನಗೆ ಹೊಡೆದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ವಾಪಸು ಹೋಗಿ ಸೀಟಿನಲ್ಲಿ ಕುಳಿತು, “ಇನ್ನೊಂದ್ಸಲ ಮಾಮ” ಎಂದಳು. ಅಂದು ಹನ್ನೊಂದು ಸಲ ಒತ್ತಿದಳು. ಪ್ರತಿ ಸಲವೂ ಅಳುತ್ತಿದ್ದಳು, ಪ್ರತಿ ಸಲವೂ ಕಾಲು ತೆಗೆಯಲಿಲ್ಲ. ನನ್ನ ಜೊತೆ ಮೂರು ತಿಂಗಳು ಮಾತಿಲ್ಲ. ಆದರೆ ಮುಂದಿನ ಹೊಸಬರ ದಿನದಿಂದ ಹೊಸಬರ ಪಕ್ಕದ ಸೀಟಿನಲ್ಲಿ ಕೂರುವವಳು ಅವಳೇ ಆದಳು. “ನಡುಗಲಿ ಬಿಡಿ, ಒತ್ತಿ, ಒತ್ತಿ” ಎಂಬ ಅವಳ ಕೂಗು ಬೇಲಿಯಾಚೆಗೂ ಕೇಳುತ್ತಿತ್ತು. ನಿಮಗೆ ದೂರು ಕೊಟ್ಟ ಅಕ್ಕಪಕ್ಕದವರಿಗೆ ಗದ್ದಲ ಎನಿಸಿದ್ದು ಬಹುಶಃ ಅದೇ ಇರಬೇಕು. ಅವಳು ಗಟ್ಟಿಯಾಗಿ ಮಾತಾಡುತ್ತಿದ್ದದ್ದು ತಿಂಗಳಿಗೆ ಆ ಒಂದೇ ದಿನ. ಉಳಿದ ದಿನಗಳಲ್ಲಿ ನಮ್ಮ ಮನೆಯಲ್ಲಿ ಅವಳಿದ್ದಾಳೆಂದು ತಿಳಿಯುವುದು ಬಾಗಿಲ ಬಳಿಯ ಚಪ್ಪಲಿ ನೋಡಿ.

ಬೀಗ ಬಿದ್ದು ಐದು ತಿಂಗಳಾಯಿತು. ಹೆಸರು ಬರೆಸಿ ಕಾಯುತ್ತಿರುವ ಅರವತ್ತು ಜನ ಈಗ ಅವಳಿಗೆ ಫೋನ್ ಮಾಡುತ್ತಾರೆ. ಮೊನ್ನೆ ಮಾಡಿದವರು ಒಬ್ಬ ನರ್ಸ್. ಹೊಸ ಕಾರು, ಹೊಸ ಲೈಸೆನ್ಸ್, ಮಳೆ ಶುರುವಾಗಿದೆ, ಇಬ್ಬರು ಮಕ್ಕಳನ್ನು ಶಾಲೆಗೆ ಬಿಡಬೇಕು. ತಂಗಿ ಅಡುಗೆಮನೆಯಲ್ಲಿ ನಿಂತು ಹೇಳುತ್ತಲೇ ಇದ್ದಳು: “ಪೆಡಲ್ ನಡುಗುತ್ತೆ. ಕೆಟ್ಟೋಯ್ತು ಅನ್ನಿಸುತ್ತೆ. ಕೆಟ್ಟಿರಲ್ಲ.” ಎಷ್ಟು ನಡುಗುತ್ತದೆ ಎಂದು ಆ ಕಡೆಯಿಂದ ಕೇಳಿದರೆಂದು ಕಾಣುತ್ತದೆ. ಇವಳು ಆಕೆಗೆ ಕಾಣುತ್ತದೆಯೋ ಎಂಬಂತೆ ಬರಿಗಾಲನ್ನು ನೆಲಕ್ಕೆ ಒತ್ತಿ ಒತ್ತಿ ತೋರಿಸಿದಳು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, “ಅಣ್ಣಾ, ಅವರು ಕಾಲು ತೆಗೀತಾರೆ” ಎಂದಳು. “ನಾನು ಎಷ್ಟು ಹೇಳಿದ್ರೂ ಅಷ್ಟೇ. ಅವರು ತೆಗೀತಾರೆ.”

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತಿಂಗಳಿಗೆ ಒಂದು ಭಾನುವಾರ ಆ ಗೇಟನ್ನು ತೆರೆಸಿ. ನಿಮ್ಮ ನಾಲ್ಕು ನಿಮಿಷದ ಪರೀಕ್ಷೆಗೆ ಐದನೆಯದೊಂದು ನಿಮಿಷ ಸೇರಿಸಿ, ಒದ್ದೆ ನೆಲದ ಮೇಲೆ ಒಮ್ಮೆ ಪೂರ್ತಿ ಬ್ರೇಕ್ ಒತ್ತಿಸಿ. ಇವೆರಡೂ ಆಗದಿದ್ದರೆ, ಆ ನರ್ಸಿನ ಫೋನ್ ನಂಬರ್ ಕೊಡುತ್ತೇನೆ. ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಮೊದಲು ನೀವೇ ಆಕೆಗೆ ವಿವರಿಸಿ.

ಇಂತಿ,
ತಾಯಿ ಹೋದ ದಿನವೂ ಗೋಡೆಯ ಮೇಲೆ ನಿಮ್ಮ ಮಾನ್ಯತಾ ಪತ್ರವನ್ನು ತೂಗುಹಾಕಿಕೊಂಡಿದ್ದ, ಇಂದಿಗೂ ತೂಗುಹಾಕಿಕೊಂಡಿರುವ,
ಒಬ್ಬ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು