ಕ್ಯಾಮೆರಾಕ್ಕೆ ಸವಣೂರ ಎಲೆ

ಜೋಗ, ೧೯೩೮

ಯಂಕಕ್ಕ, ತಲೆಯಿಂದ ಕಾಲಿನವರೆಗೂ ತೊಯ್ದಿರುವ ನಿನ್ನ ತಮ್ಮನ ನಮಸ್ಕಾರ. ಇಲ್ಲಿ ಮಳೆ ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಜಲಪಾತದ ತುಂತುರು ಅಷ್ಟು ಜೋರು. ಕೊಡೆ ಹಿಡಿದು ಎಷ್ಟು ಒರೆಸಿದರೂ ಕ್ಯಾಮೆರಾದ ಗಾಜಿನ ತುಂಬ ಹನಿ. ಕೊನೆಗೆ ನನ್ನನ್ನು ಸಹಾಯಕ್ಕೆ ಕರೆತಂದ ಫೋಟೋದ ಬಂದೇಸಾಬರು, "ನಿಮ್ಮಕ್ಕ ಕಟ್ಟಿಕೊಟ್ಟ ಸವಣೂರ ಎಲಿ ಒಂದು ಕೊಡಪಾ, ಗಾಜಿಗೆ ಮುಚ್ಚೂಣು" ಎಂದರು. ನಾನು ರೂಢಿಯಂತೆ ಸುಣ್ಣ ಹಚ್ಚಿಯೇ ಕೊಟ್ಟೆ. ಅವರು ನೋಡದೆ ಮುಚ್ಚಿದರು. ತೆಗೆದಾಗ ಗಾಜು ಜೋಗಕ್ಕಿಂತ ಬೆಳ್ಳಗಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಆ ಎಲೆಯನ್ನೇ ಮಡಿಚಿ ಬಾಯಿಗಿಟ್ಟುಕೊಂಡು, "ಅಡಕಿ ಎಲ್ಲೈತಿ?" ಎಂದರು. ಮತ್ತೆ ಗಾಜು ಒರೆಸಿ, ಬರಿಯ ಎಲೆ ಮುಚ್ಚಿ ಕಾದು, ಕಾಮನಬಿಲ್ಲು ಮೂಡಿದ ಕೂಡಲೇ ಎಲೆ ತೆಗೆದು ಫೋಟೋ ಹೊಡೆದೆವು. ನಾನು ಕುಣಿಯುವ ಭರದಲ್ಲಿ ಕೊಡೆ ಕೈಬಿಟ್ಟೆ. ಅದು ಕಣಿವೆಗೆ ಹಾರಿತು. ನೆಗಡಿ, ಜ್ವರ ಏನೂ ಇಲ್ಲ. ಟಪಾಲು ಮೋಟಾರು ಹೊರಟಿದೆ. ಕೊಡೆ ಭಾವನದು, ಅವರಿಗೆ ನೀನೇ ಹೇಳಿಬಿಡು.

ನೀಲಪ್ಪ